ಯಜಮಾನಿ ಕೋಳಿಯೂ ನಮ್ಮಕ್ಕನ ಬಾವಿಯೂ

ಒಂದೇ ಒಂದು ಕೋಳಿಯಿಂದ ಇಡೀ ಪಟ್ಟಣಕ್ಕೆ ಮೊಟ್ಟೆ ತಿನ್ನಿಸಿದವನು ನಾನು. ಕಣ್ಣಾರೆ ಕಂಡವರೆಲ್ಲ ಒಬ್ಬೊಬ್ಬರಾಗಿ ತೀರಿಕೊಂಡಿದ್ದಾರೆ, ಆ ಕೋಳಿಯೂ ಸೇರಿದ ಹಾಗೆ. ಅಲ್ಲ ಅನ್ನುವುದಕ್ಕೆ ಯಾರೂ ಉಳಿದಿಲ್ಲವಾದ್ದರಿಂದ ಇದು ನಿಜ. ನಿನ್ನೆ ಸೊಸೆ ಒಲೆಯ ಮುಂದೆ ಮೊಟ್ಟೆ ಬೇಯಿಸುತ್ತಿದ್ದಾಗ ಅವಳಿಗೂ ಇದನ್ನೇ ಹೇಳಿದೆ. ಅವಳು ಈ ಮನೆಗೆ ಬಂದದ್ದು ಎಷ್ಟೋ ವರ್ಷ ಆಮೇಲೆ. ಹಾಗಾಗಿ ಬಾಯಿ ಮುಚ್ಚಿಕೊಂಡು ಕೇಳಿದಳು.

ಆಗ ನಮ್ಮ ಪಟ್ಟಣದ ಮೊಟ್ಟೆ ಫ್ಯಾಕ್ಟರಿಯಲ್ಲಿ ನನ್ನ ಹುದ್ದೆ ರೈತ. ಮುಂಭಾಗದಲ್ಲಿ ಗಾಜಿನ ಗೋಡೆ, ಅದರಾಚೆ ಒಂದು ಚಾಪೆಯಷ್ಟು ಹುಲ್ಲು, ಹುಲ್ಲಿನ ಮೇಲೆ ಕೋಳಿ, ಕೋಳಿಯ ಪಕ್ಕದಲ್ಲಿ ನಾನು. ತಾನು ತಿನ್ನುವುದು ಎಲ್ಲಿಂದ ಬಂತು ಎಂಬುದನ್ನು ಪ್ರತಿಯೊಬ್ಬ ಗ್ರಾಹಕನೂ ತಿಳಿದೇ ತಿನ್ನತಕ್ಕದ್ದು ಎಂದು ಮೇಲಿನಿಂದ ಅಪ್ಪಣೆಯಾಗಿತ್ತು. ತಿಳಿಸುವುದಕ್ಕೆ ನಮ್ಮಿಬ್ಬರನ್ನು ನೇಮಿಸಿದ್ದರು. ಬೆಳಿಗ್ಗೆ ನನಗೆ ಇಸ್ತ್ರಿ ಮಾಡಿದ ಅಂಗಿ ಕೊಡುತ್ತಿದ್ದರು, ಆಮೇಲೆ ಆಫೀಸಿನ ಹೆಂಗಸೊಬ್ಬಳು ಬಂದು ಅದಕ್ಕೆ ಬ್ರಷ್ಷಿನಲ್ಲಿ ಕೆಸರು ಹಚ್ಚುತ್ತಿದ್ದಳು. ಹಿಂದಿನ ಕಿಂಡಿಯಿಂದ ಮೊಟ್ಟೆ ತಟ್ಟೆಗಳು ಜಾರಿಕೊಂಡು ಬರುತ್ತಿದ್ದವು. ಒಂದೊಂದು ತಟ್ಟೆಗೂ ಒಂದು ಗರಿ ಸಿಕ್ಕಿಸುವುದು ನನ್ನ ಜವಾಬ್ದಾರಿ. ಗರಿಗಳು ಬೇರೆ ಊರಿನಿಂದ ಮೂಟೆಯಲ್ಲಿ ಬರುತ್ತಿದ್ದವು.

ಕೋಳಿಗೆ ನಾನು ಯಜಮಾನಿ ಅಂತ ಹೆಸರಿಟ್ಟಿದ್ದೆ. ನನಗಿಂತ ಅವಳಿಗೆ ಮರ್ಯಾದೆ ಹೆಚ್ಚಿತ್ತು. ಜನ ಗಾಜಿಗೆ ಮೂಗು ಒತ್ತಿಕೊಂಡು, ಪಾಪ, ಎಷ್ಟು ಸುಖವಾಗಿದೆ ನೋಡಿ ಅನ್ನುತ್ತಿದ್ದರು. ಅದು ಕೋಳಿಗೋ ನನಗೋ ಅಂತ ನಾನು ಕೇಳಲು ಹೋಗಲಿಲ್ಲ. ಹಿತ್ತಲಲ್ಲಿ ಕಿಟಕಿಯಿಲ್ಲದ ಉದ್ದುದ್ದ ಶೆಡ್ಡುಗಳಿದ್ದವು. ಅವು ಉಗ್ರಾಣ ಅಂತ ಮ್ಯಾನೇಜರು ಹೇಳಿದ್ದರು. ಉಗ್ರಾಣದಲ್ಲಿ ಹಗಲೂ ರಾತ್ರಿ ದೀಪ ಉರಿಯುತ್ತಿತ್ತು, ಸಂತೆ ನೆರೆದ ಹಾಗೆ ಗದ್ದಲ ಕೇಳುತ್ತಿತ್ತು. ಉಗ್ರಾಣಗಳು ಹಾಗೇ ಇರುತ್ತವೆ.

ಎಲ್ಲ ಸರಿಯಾಗಿ ನಡೆಯುತ್ತಿತ್ತು, ನಮ್ಮಕ್ಕನೊಬ್ಬಳನ್ನು ಬಿಟ್ಟರೆ. ಅವಳ ಮನೆ ಇದ್ದದ್ದು ಫ್ಯಾಕ್ಟರಿಯ ಹಿಂದಿನ ಗೋಡೆಗೆ ಒತ್ತಿಕೊಂಡೇ. ಅಂಗಳದ ಬಾವಿ ನಮ್ಮಪ್ಪ ತೋಡಿಸಿದ್ದು, ಬೆಲ್ಲ ಹಾಕದೆ ಸಿಹಿಯಾಗಿದ್ದ ನೀರು. ಫ್ಯಾಕ್ಟರಿ ಬಂದ ಮೇಲೆ ಅದಕ್ಕೆ ಬಣ್ಣ ಬಂತು, ನೊರೆ ಬಂತು, ಕೊಡ ಮೇಲೆ ಬರುವ ಮೊದಲೇ ವಾಸನೆ ಮೇಲೆ ಬರಲು ಶುರುವಾಯಿತು. ಪಾಪ ಮುದುಕಿ, ಬೀದಿಯ ಕೊನೆಯ ನಲ್ಲಿಯಿಂದ ನೀರು ಹೊರಬೇಕಾಯಿತು. ಸೊಂಟ ಹಿಡಿದಾಗಲೆಲ್ಲ ನನ್ನನ್ನು ಬೈಯುತ್ತಿದ್ದಳು. ತನಗೆ ಬೇಕಾದದ್ದು ತನ್ನ ಬಾವಿಯ ನೀರು, ಬೇರೇನೂ ಅಲ್ಲ ಅನ್ನುತ್ತಿದ್ದಳು.

ನಾನು ಮ್ಯಾನೇಜರ ಹತ್ತಿರ ಹೋಗಿ ಹೆದರದೆ ಮಾತಾಡಿದೆ. ಅವರು ನಡುಗಿದರು ಅಂತಲೇ ಹೇಳಬೇಕು. ನಡುಗುತ್ತಲೇ ನಿಯಮ ತಿಳಿಸಿದರು: ಗೋಡೆಯ ಒಳಗಿನದು ಮೊಟ್ಟೆಯ ಬೆಲೆಗೆ ಸೇರಿದ್ದು, ಗೋಡೆಯ ಹೊರಗಿನದು ಪ್ರಕೃತಿಗೆ ಸೇರಿದ್ದು. ಬಾವಿ ಹೊರಗಿದೆ. ಆದ್ದರಿಂದ ದೂರನ್ನು ಪ್ರಕೃತಿಗೆ ಕೊಡಬೇಕು.

ಅಷ್ಟರಲ್ಲಿ ಗ್ರಾಹಕ ತಿಳಿವಳಿಕೆ ಇಲಾಖೆಯ ಅಧಿಕಾರಿ ತಪಾಸಣೆಗೆ ಬಂದರು, ಜೊತೆಗೆ ತಿಳಿವಳಿಕೆಯುಳ್ಳ ಗ್ರಾಹಕರ ಒಂದು ದಂಡು. ಎಲ್ಲರೂ ಯಜಮಾನಿಯನ್ನು ನೋಡಿ ತೃಪ್ತಿಪಟ್ಟರು. ಇನ್ನೇನು ಸಹಿ ಬೀಳಬೇಕು ಅನ್ನುವಷ್ಟರಲ್ಲಿ ನಮ್ಮಕ್ಕ ಬಾವಿ ನೀರಿನ ಕೊಡ ಹೊತ್ತುಕೊಂಡು ನೆಟ್ಟಗೆ ಒಳಗೆ ಬಂದಳು. ಅದನ್ನು ಅಧಿಕಾರಿಯ ಮೇಜಿನ ಮೇಲೆ ಕುಕ್ಕಿದಳು. ಮುಂದಿನ ಸಾಲಿನವರು ಹಿಂದಿನ ಸಾಲಿಗೆ ಹೋದರು. ಯಜಮಾನಿ ಕೂಡ ಬೆನ್ನು ತಿರುಗಿಸಿದಳು.

"ಇದೇನಮ್ಮ?" ಅಂತ ಅಧಿಕಾರಿ ಕರವಸ್ತ್ರದೊಳಗಿಂದ ಕೇಳಿದರು.

"ಮೊಟ್ಟೆ," ಅಂದಳು ಅಕ್ಕ. "ಅರ್ಧ ನೀವು ತಟ್ಟೇಲಿ ಇಟ್ಕೊಂಡು ಹೋಗ್ತೀರ. ಇನ್ನರ್ಧ ನನ್ನ ಬಾವೀಲಿ ಬಿಟ್ಟು ಹೋಗ್ತೀರ. ಅದನ್ನೂ ತಗೊಂಡು ಹೋಗಿ ಅಂತ ತಂದೆ."

ಯಾರೂ ಉಸಿರೆತ್ತಲಿಲ್ಲ, ಎತ್ತುವ ಹಾಗೂ ಇರಲಿಲ್ಲ. ಅಧಿಕಾರಿಯ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷದ ಸೇವೆಯಲ್ಲಿ ಇಂಥ ಶುದ್ಧ ಮಾಹಿತಿಯನ್ನು ಕಂಡಿಲ್ಲ ಅಂದರು. ಅಲ್ಲೇ ನಿಂತು ಪ್ರಕಟಣೆ ಹೊರಡಿಸಿದರು. ಅದು ನನಗೆ ಈಗಲೂ ಬಾಯಿಪಾಠ:

"ಸದರಿ ಬಾವಿಯನ್ನು ಗ್ರಾಹಕ ಮಾಹಿತಿ ಕೇಂದ್ರವೆಂದು ಈ ಮೂಲಕ ಘೋಷಿಸಲಾಗಿದೆ. ಸದರಿ ವಾಸನೆಯನ್ನು ಸೋಸುವುದು, ತಿಳಿಗೊಳಿಸುವುದು ಅಥವಾ ಬಾವಿಯನ್ನು ಶುದ್ಧಗೊಳಿಸುವುದು ಸಾರ್ವಜನಿಕರಿಂದ ಸತ್ಯವನ್ನು ಮರೆಮಾಚಿದ ಅಪರಾಧವೆಂದು ಪರಿಗಣಿಸಲಾಗುವುದು."

ಅಕ್ಕ ಕೊಡವನ್ನು ಅವರತ್ತ ಇನ್ನೊಂದಿಷ್ಟು ತಳ್ಳಿದಳು.

"ಅಂದ್ರೆ ಬಾವಿ ತೊಳ್ಸಲ್ವಾ?"

"ತೊಳ್ಸಿದ್ರೆ ಜನಕ್ಕೆ ತಿಳಿಯೋದು ಹೇಗಮ್ಮ?" ಅಂದರು ಅಧಿಕಾರಿ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮಾರನೆಯ ದಿನದಿಂದ ಅಂಗಡಿಯಲ್ಲಿ ಎರಡು ಬಗೆಯ ಮೊಟ್ಟೆ: ಸುಮ್ಮನೆ ತಿನ್ನುವ ಮೊಟ್ಟೆ, ತಿಳಿದು ತಿನ್ನುವ ಮೊಟ್ಟೆ. ಎರಡೂ ಬರುತ್ತಿದ್ದದ್ದು ಅದೇ ಕಿಂಡಿಯಿಂದ. ತಿಳಿದು ತಿನ್ನುವವರು ಮಾತ್ರ ಕೊಳ್ಳುವ ಮೊದಲು ಅಕ್ಕನ ಅಂಗಳಕ್ಕೆ ಹೋಗಿ ಬಾವಿಯೊಳಗೆ ಬಗ್ಗಿ ಒಂದು ಸಲ ಮೂಸಬೇಕು. ಬೆಲೆಯೂ ಹೆಚ್ಚು. ಜನ ಮನೆಮಂದಿಯೆಲ್ಲ ಬಂದು ಸಾಲು ನಿಂತರು. ಬಗ್ಗುತ್ತಿದ್ದರು, ಕೆಮ್ಮುತ್ತಿದ್ದರು, ಕಣ್ಣೊರೆಸಿಕೊಂಡು ಒಬ್ಬರ ಮುಖ ಒಬ್ಬರು ನೋಡಿ, ಈಗ ನೆಮ್ಮದಿಯಾಯಿತು ಅನ್ನುತ್ತಿದ್ದರು. ಮೊದಲು ಒಂದು ತಟ್ಟೆ ಒಯ್ಯುತ್ತಿದ್ದವರು ಈಗ ಎರಡು ಒಯ್ದರು. ಫ್ಯಾಕ್ಟರಿಯವರು ಇನ್ನೊಂದಿಷ್ಟು ಉಗ್ರಾಣ ಕಟ್ಟಿಸಿದರು.

ಮಳೆಗಾಲದಲ್ಲಿ ಒಂದು ತೊಂದರೆಯಾಯಿತು. ಬಾವಿಗೆ ಮಳೆನೀರು ಇಳಿದು ವಾಸನೆ ತೆಳುವಾಯಿತು. ಮಾಹಿತಿಯ ಗುಣಮಟ್ಟ ಕುಸಿದಿದೆ ಅಂತ ಗ್ರಾಹಕರು ಗಲಾಟೆ ಮಾಡಿದರು. ಇಲಾಖೆ ಎಚ್ಚರಿಕೆ ಕೊಟ್ಟಿತು. ಮ್ಯಾನೇಜರು ತಲೆ ತಗ್ಗಿಸಿ ತಪ್ಪೊಪ್ಪಿಕೊಂಡು, ಗೋಡೆ ಕೊರೆಸಿ, ಉಗ್ರಾಣದಿಂದ ಬಾವಿಗೆ ನೇರವಾಗಿ ಒಂದು ಪೈಪು ಹಾಕಿಸಿದರು. ಪೈಪಿನ ಉದ್ಘಾಟನೆಗೆ ರಿಬ್ಬನ್ ಹಿಡಿದುಕೊಂಡವನು ನಾನೇ.

ಅಕ್ಕನಿಗೆ ಬಾವಿಕಟ್ಟೆಯ ಪಕ್ಕ ಒಂದು ಕುರ್ಚಿ, ಒಂದು ಕೊಡೆ ಕೊಟ್ಟರು. ಮಾಹಿತಿ ಅಧಿಕಾರಿಣಿ ಅಂತ ಎದೆಗೆ ಬಿಲ್ಲೆ. ಕುಡಿಯುವ ನೀರಿಗೆ ದಿನಾ ಟ್ಯಾಂಕರು. ಆ ಕುರ್ಚಿ ಕೊಡಿಸಿದ್ದೂ ನಾನೇ, ಬೇರೆ ಯಾರೋ ಅಂತ ಅವಳು ಹೇಳಿಕೊಂಡು ತಿರುಗಿದಳು, ಇರಲಿ. ಬಗ್ಗಿದವರಿಗೆಲ್ಲ ಅವಳು ಸಮಾಧಾನವಾಗಿ, "ಇನ್ನೂ ಸ್ವಲ್ಪ ಬಗ್ಗಿ, ಪೂರ್ತಿ ತಿಳ್ಕೊಳ್ಳಿ," ಅನ್ನುತ್ತಿದ್ದಳು. ಒಬ್ಬಿಬ್ಬರು ಪೂರ್ತಿ ತಿಳಿದುಕೊಂಡು ಒಳಗೇ ಬಿದ್ದರು. ಎತ್ತಿದೆವು. ತಾವು ತಿಳಿದಷ್ಟು ಬೇರೆ ಯಾರೂ ತಿಳಿದಿಲ್ಲ ಅಂತ ಅವರು ಊರೆಲ್ಲ ಜಂಬ ಕೊಚ್ಚಿಕೊಂಡರು. ಅಪ್ಪನ ಬಾವಿಯ ನೀರನ್ನು ಮಾತ್ರ ಅಕ್ಕ ಸಾಯುವವರೆಗೂ ಮತ್ತೆ ಕುಡಿಯಲಿಲ್ಲ. ಕೊನೆಗೆ ಕೇಳಿದ್ದೂ ಅದನ್ನೇ. ಟ್ಯಾಂಕರಿನದನ್ನೇ ಬಾವಿಯದು ಅಂತ ಹೇಳಿ ಬಾಯಿಗೆ ಬಿಟ್ಟೆ. ಗುಟುಕರಿಸಿ, "ಇದಲ್ಲ ಕಣೋ," ಅಂದಳು.

ಇಷ್ಟು ಹೇಳಿ ನಾನು ಮೀಸೆ ನೀವಿಕೊಂಡೆ. ಸೊಸೆ ಒಲೆ ಆರಿಸಿ, ಮೊಟ್ಟೆಯನ್ನು ತಣ್ಣೀರಿಗೆ ಹಾಕಿ, ಸಿಪ್ಪೆ ಬಿಡಿಸುತ್ತಾ ಕೂತಳು. ಒಂದನ್ನು ಬಿಡಿಸಿ ಮುಗಿಸಿದಳು.

"ಮಾವ," ಅಂದಳು ಆಮೇಲೆ, "ಇದ್ದಿದ್ದು ಒಂದೇ ಕೋಳಿ ಅಂದ್ರಲ್ಲ. ಒಂದು ಕೋಳಿ ಒಂದು ಬಾವೀನ ಹಾಗೆ ಕೆಡಿಸುತ್ತಾ?"

ನಾನು ಭುಜ ಕುಣಿಸಿದೆ.

"ದೊಡ್ಡ ಕೋಳಿ ಕಣಮ್ಮ," ಅಂದೆ.

ಅವಳು ಮೊಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು, ಒಂದು ಸಲ ಮೂಸಿದಳು, ಉಪ್ಪು ಉದುರಿಸಿ ನನ್ನ ತಟ್ಟೆಗೆ ಹಾಕಿದಳು. ತಿಂದೆ. ಚೆನ್ನಾಗಿತ್ತು.