ದೆವ್ವದ ಮನೆಯೊಳಗೆ ಇವರು

ಭೂತಕ್ಕೆ ಹೆದರುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದರಲ್ಲೇನೂ ಹೆಚ್ಚುಗಾರಿಕೆಯಿಲ್ಲ. ಆದರೆ ಹೆದರಿಕೆಯ ಮದ್ದು ನಾಲಿಗೆಯ ತುದಿಯಲ್ಲೇ ಇದ್ದು, ಅದನ್ನು ಆಡಲು ಮಾತ್ರ ಅಪ್ಪಣೆಯಿಲ್ಲದೆ ಅರ್ಧ ಆಯುಷ್ಯ ಹೆದರಿಕೊಂಡೇ ಕಳೆದವಳು ನಾನೊಬ್ಬಳೇ ಇರಬೇಕು. ಮಕ್ಕಳೇ, ನಗಬೇಡಿ. ತ್ಯಾಗಲಿಯ ನನ್ನ ತವರಿನಲ್ಲಿ, ಹೆದರಿಕೆಯಾದರೆ "ರಾಮ ರಾಮ" ಎನ್ನಬೇಕು, ಎಂಥ ಭೂತವಾದರೂ ದಾರಿ ಬಿಡುತ್ತದೆ ಎಂದು ಕಲಿಸಿದ್ದರು. ಮದುವೆಯಾಗುವ ತನಕ ಈ ಮದ್ದು ನನಗೆ ಚೆನ್ನಾಗಿಯೇ ಹಿಡಿಯುತ್ತಿತ್ತು. ಮುಸ್ಸಂಜೆಯಲ್ಲಿ ಬಾವಿಕಟ್ಟೆಗೆ ಹೋಗಿ ಬರುವಷ್ಟರಲ್ಲಿ ಒಂದು ಭಜನೆಗಾಗುವಷ್ಟು ರಾಮನಾಮ ಆಗಿಬಿಡುತ್ತಿತ್ತು. ಆಮೇಲೆ ನನಗೆ ಗೊತ್ತುಮಾಡಿದ ವರನ ಹೆಸರು ರಾಮಚಂದ್ರ ಎಂದಾಯಿತು. ಅಲ್ಲಿಗೆ ಮದ್ದಿನ ಕಪಾಟಿಗೆ ಬೀಗ ಬಿತ್ತು.

ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ನಮ್ಮ ಕಾಲದ ನಂಬಿಕೆ. ಅರ್ಧ ಹೆಸರು ಹೇಳಿದರೆ ಎಷ್ಟು ಕಡಿಮೆಯಾಗುತ್ತದೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಹಿತ್ತಿಲ ಬಾಳೆಯ ಎಲೆ ಅಲ್ಲಾಡಿದ್ದಕ್ಕೆ ಕಿರುಚಿಕೊಂಡೆ. ಅತ್ತೆ ಒಳಗಿಂದಲೇ, "ರಾಮ ರಾಮ ಹೇಳೆ ಕೂಸೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು ಅವರಿಗೇ ನೆನಪಾಗಿ, "ಅಯ್ಯೋ, ನೀನು ಅದು ಹೇಳಲಾಗ ಅಲ್ದಾ! ಕೃಷ್ಣ ಕೃಷ್ಣ ಹೇಳು, ನಡೀತು" ಎಂದರು. ನಾನು ಹೇಳಿದೆ. ಆದರೆ ಕಚೇರಿಯಲ್ಲಿ ಒಂದು ಮೇಜಿನ ಕೆಲಸವನ್ನು ಇನ್ನೊಂದು ಮೇಜಿನವರು ಮಾಡಿಕೊಡುವುದಿಲ್ಲವಲ್ಲ, ಹಾಗೆ ಈ ಭೂತದ ಖಾತೆ ಕೃಷ್ಣನಿಗೆ ಸೇರಿದ್ದೋ ಅಲ್ಲವೋ ಎಂಬ ಅನುಮಾನ ನನ್ನನ್ನು ಕೊನೆಯವರೆಗೂ ಬಿಡಲಿಲ್ಲ.

ನಿಮ್ಮ ಅಜ್ಜ ಸಿದ್ದಾಪುರದ ಈ ಮನೆಯ ಮುಂದಿನ ಕೋಣೆಯಲ್ಲೇ ಟೈಪಿಂಗ್ ಕ್ಲಾಸು ನಡೆಸುತ್ತಿದ್ದರು. ಬಿಳಗಿಯ ಕಡೆಯಿಂದೆಲ್ಲ ಹುಡುಗ ಹುಡುಗಿಯರು ಬಸ್ಸಿಗೆ ಬಂದು ಕಲಿಯುತ್ತಿದ್ದರು. ಕೋಣೆಗೂ ಅಡಿಗೆಮನೆಗೂ ನಡುವೆ ಒಂದು ಪರದೆ. ಪರದೆಯ ಆಚೆ ಪ್ರಪಂಚ, ಈಚೆ ನಾನು. ಕಾಫಿ ಆಯಿತು ಎಂದು ಇವರನ್ನು ಕರೆಯಬೇಕಲ್ಲ, ಹೆಸರು ಹಿಡಿಯುವಂತಿಲ್ಲ, "ಹೋಯ್" ಎಂದರೆ ಅಷ್ಟು ಮಕ್ಕಳೂ ತಿರುಗಿ ನೋಡುತ್ತಾರೆ. ಅದಕ್ಕೆ ನಾನು ಲೋಟವನ್ನು ಬಾಗಿಲ ಚೌಕಟ್ಟಿಗೆ ಟಕ್ ಟಕ್ ಎನ್ನಿಸುತ್ತಿದ್ದೆ. ಅಷ್ಟು ಮಿಷನ್ನುಗಳ ಗಲಾಟೆಯಲ್ಲೂ ಅದು ಅವರಿಗೆ ಕೇಳುತ್ತಿತ್ತು. ಒಮ್ಮೆ, ಕ್ಲಾಸು ಮುಗಿದು ಎಲ್ಲರೂ ಹೋದ ಮೇಲೆ, "ಬಾ ಇಲ್ಲಿ, ನಿಂಗೂ ಕಲಿಸ್ತೆ" ಎಂದು ನನ್ನನ್ನು ಮಿಷನ್ನಿನ ಮುಂದೆ ಕೂರಿಸಿದರು. ಎಡಗೈಯ ಬೆರಳುಗಳನ್ನು ಒಂದೊಂದಾಗಿ ಹಿಡಿದು ಇಟ್ಟು, "ಎ, ಎಸ್, ಡಿ, ಎಫ್. ಇದು ಬೆರಳಿನ ಮನೆ. ಎಲ್ಲಿಗೆ ಹೋದ್ರೂ ಇಲ್ಲಿಗೇ ತಿರುಗಿ ಬರವು" ಎಂದರು. ಮೊದಲನೆಯ ಪಾಠ ಅದು. ಎರಡನೆಯ ಪಾಠಕ್ಕೆ ಮೊದಲೇ ಹೊರಗೆ ಯಾರೋ ಬಾಗಿಲು ಬಡಿದರು, ನಾನು ಅಡಿಗೆಮನೆಗೆ ಓಡಿದೆ. ನನ್ನ ಇಂಗ್ಲಿಷ್ ವಿದ್ಯಾಭ್ಯಾಸ ಓಟದಲ್ಲಿ ಮುಗಿಯಿತು.

ಇವರು ಹೋದದ್ದೂ ಆ ಕೋಣೆಯಲ್ಲೇ, ಕುರ್ಚಿಯಲ್ಲಿ ಕೂತಲ್ಲೇ. ಅಂದೂ ನಾನು ಲೋಟ ಬಡಿದೆ. ಇನ್ನೊಮ್ಮೆ ಬಡಿದೆ. ಆಮೇಲೆ ಮಕ್ಕಳು "ಸರ್, ಸರ್" ಎಂದು ಕೂಗುವುದು ಕೇಳಿಸಿತು. ಎಲ್ಲರೂ ಏನೋ ಒಂದು ಹೆಸರು ಹಿಡಿದು ಕೂಗುತ್ತಿದ್ದರು. ನನಗೆ ಮಾತ್ರ ಕೂಗಲು ಒಂದು ಹೆಸರಿರಲಿಲ್ಲ. ಇನ್ನು ಕಡಿಮೆಯಾಗಲು ಆಯುಷ್ಯವೇ ಇಲ್ಲದ ಮೇಲೂ ಬಾಯಿ ಬಿಚ್ಚಲಿಲ್ಲ. ಕಟ್ಟಿದ ನಾಲಿಗೆಯನ್ನು ಬಿಚ್ಚುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಟೈಪಿಂಗ್ ಮಿಷನ್ನುಗಳು ಅಟ್ಟಕ್ಕೆ ಹೋಗಿ ಅವುಗಳ ಜಾಗಕ್ಕೆ ಕಂಪ್ಯೂಟರ್ ಬಂದದ್ದು ಆಮೇಲಿನ ಮಾತು. ಮಗ ವಿನಾಯಕ ಅದೇ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸು ಶುರುಮಾಡಿದ. ಬಣ್ಣದ ಬೋರ್ಡು ಬಂತು, ಪರದೆ ಮಾತ್ರ ಹಳೆಯದೇ ಉಳಿಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಕ್ಲಾಸಿಗೆ ಬಿಡುವು. ಬೇಸಿಗೆ ರಜೆಯಲ್ಲಿ ಒಂದು ಮಧ್ಯಾಹ್ನ ವಿನಾಯಕನ ಮಗಳು, ನಿಮ್ಮ ಪಲ್ಲವಕ್ಕ, ಆಗಿನ್ನೂ ಎರಡು ಜಡೆ ಹಾಕುತ್ತಿದ್ದ ಹುಡುಗಿ, ಪರದೆ ಸರಿಸಿ ನನ್ನ ಸೆರಗು ಹಿಡಿದಳು.

"ಅಮ್ಮಮ್ಮ, ಇಲ್ಲಿ ಬಗಲಲ್ಲಿ ಕೂತ್ಗ. ಆನು ದೆವ್ವದ ಆಟ ಆಡ್ತೆ. ಒಬ್ಳೇ ಆದ್ರೆ ಹೆದ್ರಿಕೆ ಆಗ್ತು."

"ಹೆದ್ರಿಕೆ ಆಗ್ತು ಅಂದ್ರೆ ಆಡದು ಎಂತಕ್ಕೆ?"

"ಹೆದ್ರಿಕೆ ಆಗ್ಲಿ ಹೇಳೇ ಆಡದು!"

ಈ ಉತ್ತರ ನನಗೆ ಅಂದು ಅರ್ಥವಾಗಲಿಲ್ಲ. ಹೆದರಿಕೆಯನ್ನು ಕಾಸು ಕೊಡದೆ ಕೊಡುವ ಊರಿನಲ್ಲಿ ಹುಟ್ಟಿದವಳು ನಾನು. ಆದರೂ ಕೂತೆ. ಪರದೆ ಎಳೆದು, ಕಿಟಕಿ ಮುಚ್ಚಿ, ಪಲ್ಲವಿ ಕಂಪ್ಯೂಟರ್ ಹಚ್ಚಿದಳು. ಕಲಿಯಲು ಬರುತ್ತಿದ್ದ ಯಾವನೋ ಹುಬ್ಬಳ್ಳಿಯಿಂದ ತಂದ ಸೀಡಿಯಂತೆ. ಒಂದು ಪಾಳುಬಿದ್ದ ಬಂಗಲೆ. ಒಳಗೆ ಗೋಡೆಯಿಂದ, ಮಾಡಿನಿಂದ, ಬಚ್ಚಲಿನಿಂದ ದೆವ್ವಗಳು ಎದ್ದು ಬರುತ್ತವೆ. ಅವಕ್ಕೆ ಗುಂಡು ಹೊಡೆಯುತ್ತ ಬಂಗಲೆ ದಾಟಿ ಹೊರಗಿನ ಬಾಗಿಲಿಗೆ ಬರಬೇಕು. ಇಷ್ಟೇ ಆಟ. ತೆರೆಯ ಮೇಲೆ ಒಂದು ಟಾರ್ಚು, ಒಂದು ಬಂದೂಕು, ಅವನ್ನು ಹಿಡಿದ ಎರಡು ಕೈ ಬಿಟ್ಟರೆ ಮನುಷ್ಯನ ಸುಳಿವೇ ಇಲ್ಲ.

"ಈ ಕೈ ಯಾರದ್ದೆ?" ಎಂದೆ.

"ಆಡವ್ರದ್ದು. ನೀನು ಆಡಿದ್ರೆ ನಿಂದೇ."

"ಮತ್ತೆ ಮುಖ ಎಲ್ಲಿದ್ದು?"

"ಮುಖ ಕಾಣ್ತಿಲ್ಲೆ ಅಮ್ಮಮ್ಮ. ನೀನು ಎಲ್ಲಾದನ್ನೂ ನೋಡದು, ಅಷ್ಟೇ."

ನಿಜ ಹೇಳುತ್ತೇನೆ, ಆ ಆಟದ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ಒಂದು ಮಾತಿಗೆ. ಮುಖ ತೋರಿಸದೆ ಲೋಕವನ್ನು ನೋಡುವುದು! ನಾನು ಪರದೆಯ ಸಂದಿಯಿಂದ ಅಷ್ಟು ವರ್ಷ ಮಾಡಿದ್ದು ಅದನ್ನೇ ತಾನೆ? ನನ್ನಂಥವಳಿಗಾಗಿಯೇ ಯಾವ ದೇಶದಲ್ಲೋ ಯಾರೋ ಕೂತು ಇಷ್ಟು ದೊಡ್ಡ ಆಟ ಕಟ್ಟಿದ್ದಾರಲ್ಲ ಎಂದು ಮನಸ್ಸಿನಲ್ಲೇ ಕೈಮುಗಿದೆ. ದೆವ್ವಕ್ಕೆ ಗುಂಡು ಹೊಡೆಯುವುದೊಂದು ಸರಿಬೀಳಲಿಲ್ಲ. ಸತ್ತವರನ್ನು ಮತ್ತೆ ಸಾಯಿಸುವುದು ಯಾವ ನ್ಯಾಯ? "ಇಷ್ಟು ಗುಂಡಿನ ಬದ್ಲು ಒಂದು ಶ್ರಾದ್ಧ ಸಮ ಮಾಡಿದ್ರೆ ಇವೆಲ್ಲ ತಮ್ಮಷ್ಟಕ್ಕೆ ಹೋಗ್ತಿದ್ದ" ಎಂದೆ. ಆಟದಲ್ಲಿ ಭಟ್ಟರನ್ನು ಕರೆಯುವ ಬಟನ್ ಇಲ್ಲವಂತೆ.

ಹೊಸದಾಗಿ ಶುರುಮಾಡುವಾಗ ಆಟ ಒಂದು ಹೆಸರು ಕೇಳಿತು. "ಎಂತ ಹೆಸ್ರು ಹಾಕನ?" ಎಂದಳು. "ಯಾರದ್ದಾದ್ರೂ ಹಾಕು" ಎಂದೆ. ಅವಳು ಸುತ್ತ ನೋಡಿದಳು. ಗೋಡೆಯ ಮೇಲೆ ಗಂಧದ ಹಾರದೊಳಗೆ ನಿಮ್ಮ ಅಜ್ಜ ಇದ್ದರು. ಕಟಕಟ ಎಂದು ಟೈಪು ಮಾಡಿಬಿಟ್ಟಳು. ಆ ಹುಡುಗಿಗೇನು, ಅವಳ ಪಾಲಿಗೆ ಅದೊಂದು ಹೆಸರು. ತೆರೆಯ ಮೂಲೆಯಲ್ಲಿ ಇವರ ಹೆಸರು ಇಂಗ್ಲಿಷಿನಲ್ಲಿ ಮಿಣಮಿಣ ಎನ್ನತೊಡಗಿತು, ನಾನು ಸೆರಗು ಸರಿಮಾಡಿಕೊಂಡೆ.

ಮೊದಲನೆಯ ದೆವ್ವ ಬರುತ್ತಲೇ ಪಲ್ಲವಿ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಳು. "ಅಮ್ಮಮ್ಮ, ತಿರುಗ್ಸು, ಮೌಸ್ ತಿರುಗ್ಸು!" ಮೌಸೆಂಬ ಆ ಗುಂಡಗಿನ ವಸ್ತುವಿನ ಮೇಲೆ ಕೈ ಇಟ್ಟೆ. ತಿರುಗಿಸು ಎಂದರೆ ನನ್ನ ಕೈಗೆ ಗೊತ್ತಿದ್ದದ್ದು ಒಂದೇ ರೀತಿ, ಒರಳಿನ ಗುಂಡು ತಿರುಗಿಸುವ ರೀತಿ. ಉದ್ದಿನಬೇಳೆ ರುಬ್ಬುವ ಹದದಲ್ಲಿ ಗರಗರ ತಿರುಗಿಸಿದೆ. ಬಂಗಲೆ, ದೆವ್ವ, ಮೆಟ್ಟಿಲು ಎಲ್ಲವೂ ಬುಗುರಿಯಂತೆ ಸುತ್ತಿದವು. ಬಂದೂಕು ಹಿಡಿದ ಇವರು ದೆವ್ವಗಳ ನಡುವೆ ಗಿರಗಿರನೆ ತಿರುಗಿ ತಿರುಗಿ ಬಿದ್ದರು. ತೆರೆ ಕೆಂಪಾಯಿತು. ಏನೋ ಅಕ್ಷರ ಮೂಡಿತು.

"ಎಂತ ಬರದ್ದು?" ಎಂದೆ.

ಪಲ್ಲವಿ ಬೆರಳ ಸಂದಿಯಿಂದ ಓದಿದಳು. "ರಾಮಚಂದ್ರ ಸತ್ನಡ."

ನಗಬೇಕಿತ್ತು. ನಗು ಬರಲಿಲ್ಲ. ಅವಳಿಗೂ ಹೊಳೆಯಿತೇನೋ, "ಬೇರೆ ಹೆಸ್ರು ಹಾಕನ ಅಮ್ಮಮ್ಮ" ಎಂದು ಮೆಲ್ಲಗೆ ಹೇಳಿದಳು. ನಾನು ಬೇಡ ಎಂದೆ. ಬೇರೆ ಹೆಸರು ಹಾಕಿದರೆ ಇವರು ಅಲ್ಲೇ, ಆ ಪರದೇಶದ ಬಂಗಲೆಯ ಮೆಟ್ಟಿಲ ಕೆಳಗೇ ಉಳಿದುಬಿಡುತ್ತಾರಲ್ಲ? ಒಮ್ಮೆ ಹೋದಾಗ ಏನೂ ಮಾಡಲಾಗಲಿಲ್ಲ. ಈ ಸಲ ಕೈಯಲ್ಲಿ ಮೌಸಾದರೂ ಇದೆ. "ಏಳ್ಸು ಅವ್ರನ್ನ" ಎಂದೆ. "ಹೊರಗಿನ ಬಾಗ್ಲಿಗೆ ಮುಟ್ಟಿಸಿಯೇ ಆನು ಏಳದು."

ಆಟದಲ್ಲಿ ಮೌಸಿನ ಜೊತೆ ಎಡಗೈಗೂ ಕೆಲಸವಿತ್ತು. ನನ್ನ ಎಡಗೈಯನ್ನು ಪಲ್ಲವಿ ಕೀಬೋರ್ಡಿನ ಮೇಲಿಟ್ಟಾಗ ಒಂದು ವಿಚಿತ್ರವಾಯಿತು. ಬೆರಳುಗಳು ತಾವಾಗಿಯೇ ಹೋಗಿ ಕೂತವು. ಎ, ಎಸ್, ಡಿ. ಮಿಷನ್ನು ಹೋಗಿ ಕಂಪ್ಯೂಟರ್ ಬಂದರೂ ಆ ಅಕ್ಷರಗಳು ಇವರು ತೋರಿಸಿದ ಜಾಗದಲ್ಲೇ ಇದ್ದವು. ಎ ಒತ್ತಿದರೆ ಎಡಕ್ಕೆ, ಡಿ ಒತ್ತಿದರೆ ಬಲಕ್ಕೆ, ಎಸ್ ಒತ್ತಿದರೆ ಹಿಂದಕ್ಕೆ. ಮೂರೂ ನನಗೆ ಗೊತ್ತಿತ್ತು. ಮುಂದೆ ಹೋಗಲು ಮಾತ್ರ ಮೇಲಿನ ಸಾಲಿನ ಡಬ್ಲ್ಯು ಒತ್ತಬೇಕಂತೆ. ಅದು ಎರಡನೆಯ ಪಾಠದಲ್ಲಿತ್ತು. ಹೀಗಾಗಿ ನಾನು ಹಿಂದೆ ಸರಿಯುವುದರಲ್ಲಿ, ಮಗ್ಗುಲಿಗೆ ಜಾರುವುದರಲ್ಲಿ ಬಹಳ ಬೇಗ ಪಳಗಿದೆ. ಮುಂದೆ ಹೋಗುವುದೇ ಕಷ್ಟವಾಯಿತು. ಪಲ್ಲವಿ ತಲೆ ಚಚ್ಚಿಕೊಳ್ಳುತ್ತಿದ್ದಳು. "ಡಬ್ಲ್ಯು ಅಮ್ಮಮ್ಮ, ಡಬ್ಲ್ಯು! ದೆವ್ವ ಬಂದಾಗೆಲ್ಲ ಗೋಡೆಗೆ ಒತ್ತಿ ನಿಂತ್ರೆ ಹೇಂಗೆ?" ಅಪರಿಚಿತರು ಎದುರಾದರೆ ಗೋಡೆಗೆ ಸರಿದು ದಾರಿ ಬಿಡುವುದು ನಮ್ಮ ಅಭ್ಯಾಸ. ದೆವ್ವಗಳಿಗೆ ಆ ಮರ್ಯಾದೆ ತಿಳಿಯಲಿಲ್ಲ, ನೇರ ನನ್ನ ಮೇಲೇ ಬಂದವು.

ಹೀಗೆ ಮಧ್ಯಾಹ್ನಗಳು ಉರುಳಿದವು. ಇವರು ಸಾಯುವುದು, ನಾನು ಎಬ್ಬಿಸುವುದು. ನನ್ನ ಬೆರಳು ನೋಯತೊಡಗಿತು, ಭಾಗವತ ಓದುವುದು ಹಿಂದೆಬಿತ್ತು, ಒಮ್ಮೆ ಹಾಲು ಉಕ್ಕಿತು. ಸೊಸೆ ಸುಮಾ ಜಾಣೆ. "ಅತ್ತೆ, ನಿಂಗ ಮಧ್ಯಾಹ್ನ ಮಲಗದೇ ಬಿಟ್ಟಿ ಅಲ್ದಾ? ಕಣ್ಣು ಕೆಂಪಾಜು" ಎಂದಳು. "ಈರುಳ್ಳಿ ಹೆಚ್ಚಿದ್ದೆ" ಎಂದೆ. ಅವಳು ಗೋಡೆಯ ಕ್ಯಾಲೆಂಡರ್ ನೋಡಿದಳು. ಅಂದು ಏಕಾದಶಿ.

ಶನಿವಾರ ರಾತ್ರಿ ಊಟಕ್ಕೆ ಕೂತಾಗ ವಿನಾಯಕ, "ನಾಳೆ ಸಂಜೆ ಎಲ್ಲ ಕಂಪ್ಯೂಟರನ್ನೂ ಪೂರ್ತಿ ಅಳಿಸಿ ಹೊಸದಾಗಿ ಹಾಕ್ತೆ. ಪರೀಕ್ಷೆ ಬ್ಯಾಚ್ ಬತ್ತು" ಎಂದ. ಪಲ್ಲವಿ ನನ್ನ ಮುಖ ನೋಡಿದಳು. ನಾನು ಮಜ್ಜಿಗೆಗೆ ಎರಡು ಸಲ ಉಪ್ಪು ಹಾಕಿಕೊಂಡೆ. ಬಂಗಲೆಯ ಕೊನೆಯ ಓಣಿಯವರೆಗೆ ಬಂದಿದ್ದೆವು, ಬಾಗಿಲು ದೂರದಲ್ಲಿ ಕಾಣುತ್ತಿತ್ತು. ಅಳಿಸಿಬಿಟ್ಟರೆ ಇವರು ಒಳಗೇ.

ಭಾನುವಾರ ಮಧ್ಯಾಹ್ನ ಊಟವಾದದ್ದೇ ಕೂತೆವು. ಓಣಿಯ ನಡುವಿಗೆ ಬಂದೆವು. ಬಾಗಿಲ ಸಂದಿಯಿಂದ ಬೆಳಕಿನ ಗೆರೆ ಕಾಣಿಸಿತು. ಅಷ್ಟರಲ್ಲಿ ಹಿಂದಿನಿಂದ ಹೆಣ್ಣು ದೆವ್ವದ ಅಳು ಕೇಳಿಸಿತು. ಪಲ್ಲವಿ ಕಣ್ಣು ಮುಚ್ಚಿದಳು. ನನ್ನ ಬೆರಳುಗಳು ಗಾಬರಿಯಲ್ಲಿ ತಮಗೆ ಗೊತ್ತಿದ್ದ ಕೆಲಸ ಮಾಡಿದವು, ಎಸ್ ಒತ್ತಿದವು. ಇವರು ಹಿಂದಕ್ಕೆ ಹಿಂದಕ್ಕೆ, ನೇರವಾಗಿ ಅದರ ಬಾಯಿಗೇ ಹೊರಟರು. ತೆರೆಯ ಅಂಚು ಕೆಂಪಾಗತೊಡಗಿತು. ಕೃಷ್ಣ ಎನ್ನಲು ಬಾಯಿ ತೆರೆದೆ. ಬಂದದ್ದು ಕೃಷ್ಣ ಅಲ್ಲ.

"ರಾಮಚಂದ್ರಾ! ಹಿಂದೆ ಹೋಗಡಿ! ಮುಂದೆ ನಡೀರಿ, ಮುಂದೆ!"

ನನ್ನ ಗಂಟಲಿನಲ್ಲಿ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಕೂಗುತ್ತ ಕೂಗುತ್ತ ಯಾವ ಬೆರಳು ಹೋಗಿ ಡಬ್ಲ್ಯು ಒತ್ತಿತೋ ಕಾಣೆ. ಇವರು ಓಡಿದರು. ಅಳು ಹಿಂದೆ ಉಳಿಯಿತು, ಬೆಳಕಿನ ಗೆರೆ ಅಗಲವಾಯಿತು, ಬಾಗಿಲು ತೆರೆಯಿತು. ತೆರೆಯ ತುಂಬ ಬಿಸಿಲು. ಒಂದು ಅಂಗಳ, ಒಂದು ಮರ, ಹಕ್ಕಿಯ ದನಿ.

ಬೆನ್ನ ಹಿಂದೆ ನಿಜವಾದ ಬೆಳಕು ಬಂದದ್ದು ಆಗ ತಿಳಿಯಿತು. ಯಾರೋ ಪರದೆ ಸರಿಸಿದ್ದರು. ಸುಮಾ, ವಿನಾಯಕ, ಅವನಿಗೆ ನೆರವಾಗಲು ಬಂದಿದ್ದ ಕ್ಲಾಸಿನ ಹುಡುಗಿಯರು, ಎಲ್ಲರೂ ನಿಂತಿದ್ದರು. ಬೇರೆ ದಿನವಾಗಿದ್ದರೆ ಅಡಿಗೆಮನೆಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅಂದು ಮೌಸ್ ಬಿಡಲಿಲ್ಲ. ಪಲ್ಲವಿ ತಾಯಿಯ ಮುಂದೆ ಕುಣಿಯುತ್ತಿದ್ದಳು. "ಆಯಿ, ಅಮ್ಮಮ್ಮ ಅಜ್ಜನ ಹೆಸ್ರು ಹೇಳ್ತು! ದೊಡ್ಡಕೆ ಹೇಳ್ತು!" ಸುಮಾ ಅವಳ ಬಾಯಿ ಮುಚ್ಚಿಸಿದಳು. ವಿನಾಯಕ ಬಗ್ಗಿ ತೆರೆಯ ಮೂಲೆಯ ಹೆಸರು ಓದಿದ. ಆಮೇಲೆ, "ಅಪ್ಪ ಹೊರಗೆ ಬಂದ ಅಲ್ದನೆ ಆಯಿ" ಎಂದ.

"ಬಂದ್ರು" ಎಂದೆ.

ಆಟ ಅಲ್ಲಿಗೆ ಮುಗಿಯುವುದಿಲ್ಲವಂತೆ. ಮುಂದಿನ ಮನೆಗೆ ಹೋಗುವಿರಾ ಎಂದು ಕೇಳಿತು. ಆ ಮನೆಯಲ್ಲಿ ಇನ್ನೂ ದೊಡ್ಡ ದೆವ್ವಗಳಂತೆ. ನಾನು ಬೇಡ ಎಂದೆ. "ಅಲ್ಲೇ ಇರ್ಲಿ. ಸ್ವಲ್ಪ ಬಿಸ್ಲು ಕಾಯ್ಲಿ." ಪಲ್ಲವಿ ಏನೋ ಒತ್ತಿ ಬಂದೂಕು ಕೆಳಗಿಳಿಸಿದಳು. ಅಂದು ಸಂಜೆ ವಿನಾಯಕ ಎಲ್ಲ ಕಂಪ್ಯೂಟರನ್ನೂ ಅಳಿಸಿದ, ಮೂಲೆಯದೊಂದನ್ನು ಬಿಟ್ಟು. "ಅದರಲ್ಲಿ ಎಂತೋ ತೊಂದ್ರೆ ಇದ್ದು" ಎಂದು ಹುಡುಗಿಯರಿಗೆ ಹೇಳಿದ. ಅದು ತಾನಾಗಿ ಕೆಟ್ಟುಹೋಗುವ ತನಕ ನಾನು ಆಗಾಗ ಹಚ್ಚಿಸಿ ನೋಡುತ್ತಿದ್ದೆ. ಇವರು ಅಂಗಳದಲ್ಲಿ ಆರಾಮಾಗಿ ನಿಂತಿರುತ್ತಿದ್ದರು.

ನೀವೀಗ ಫೋನಿನಲ್ಲೇ ಇಂಥ ಆಟ ಆಡುತ್ತೀರಿ, ನನ್ನನ್ನು ಬಗಲಲ್ಲಿ ಕೂರು ಎಂದೂ ಕರೆಯುವುದಿಲ್ಲ. ಇರಲಿ. ನನ್ನ ತೊಂದರೆ ಬೇರೆ. ಮದ್ದಿನ ಕಪಾಟಿನ ಬೀಗ ತೆಗೆದಾಯಿತು, ಈಗ ಬೇಕಾದಷ್ಟು ಸಲ ಆ ಹೆಸರು ಹೇಳಬಹುದು. ಆದರೆ ಕಾರಣವಿಲ್ಲದೆ ಗಂಡನ ಹೆಸರು ಕೂಗಿದರೆ ಜನ ಏನೆಂದಾರು ಎಂಬ ನಾಚಿಕೆ ಇನ್ನೂ ಹೋಗಿಲ್ಲ. ಒಂದಿಷ್ಟು ಹೆದರಿಕೆಯಾದರೂ ಬೇಕಲ್ಲ! ಊರಿಗೆಲ್ಲ ಬೀದಿದೀಪ ಬಂದು ಭೂತಗಳೂ ಕಡಿಮೆಯಾಗಿವೆ. ಮುಸ್ಸಂಜೆ ಹೊತ್ತಿಗೆ ನಾನು ಹಿತ್ತಿಲಿಗೆ ಹೋಗಿ ಸುಮ್ಮನೆ ನಿಲ್ಲುವುದನ್ನು ಕಂಡು ಸುಮಾ, "ಅತ್ತೆ, ಅಲ್ಲೆಂತ ಹುಡುಕ್ತಿ?" ಎನ್ನುತ್ತಾಳೆ. ಏನಿಲ್ಲ ಎನ್ನುತ್ತೇನೆ. ಬಾಳೆಯ ಎಲೆ ಒಂದು ಸ್ವಲ್ಪ ಅಲ್ಲಾಡಲಿ ಎಂದು ಕಾಯುತ್ತಿರುತ್ತೇನೆ.