ಕೈಯೂರದೆ ಏಳುವುದು

ಜನವರಿ ಹದಿನಾರು, ಬೆಳಗಿನ ಆರು ಗಂಟೆ. ಇಂಡಿ ಊರಿನ ನಿಂಬೆತೋಟಗಳ ಮೇಲಿನ ಮಂಜು ಇನ್ನೂ ಎದ್ದಿರಲಿಲ್ಲ; ನಾನು ಎದ್ದಿದ್ದೆ. ದೇಹಕ್ಕೆ ಹೊಸದೇನನ್ನಾದರೂ ಕಲಿಸಲು ಹೊರಟವರಿಗೆ ನಗೆಪಾಟಲು ತಪ್ಪುವುದಿಲ್ಲ. ಅರವತ್ತರಲ್ಲಿ ಹೊರಟವರಿಗೆ ಅದು ಸಾಲಾಗಿ ಒದಗುತ್ತದೆ.

೧. ಎರಡು ತೋಳುಗಳು

ಕಾರಣ ಹುಟ್ಟಿದ್ದು ಸಿಂದಗಿಯಲ್ಲಿ, ತಂಗಿಯ ಮಗಳ ನಿಶ್ಚಯದ ಊಟದಲ್ಲಿ. ನೆಲದ ಪಂಕ್ತಿ. ಉಂಡು ಎಲ್ಲರೂ ಎದ್ದರು. ನಾನು ಕುಳಿತೇ ಇದ್ದೆ. ಬೀಗರ ಕಡೆಯ ಇಬ್ಬರು ಹೆಣ್ಣುಮಕ್ಕಳು ಬಂದು, ಒಂದೊಂದು ತೋಳು ಹಿಡಿದು, "ಹೈಸಾ" ಎಂದರು. ಕಬ್ಬಿನ ಹೊರೆಯನ್ನು ಎತ್ತುವವರೂ ಅಷ್ಟು ಜೋರಾಗಿ ಕೂಗುವುದಿಲ್ಲ.

ತಂಗಿ ನನ್ನ ಕಿವಿಯ ಬಳಿ ಬಂದಳು. "ಅಕ್ಕಾ, ಬಾಗೇವಾಡ್ಯಾಗ ಮದಿವಿ. ಅಲ್ಲಿ ನಿನಗೊಂದು ಖುರ್ಚಿ ಹಾಕಸ್ತೇನಿ."

"ಎಲ್ಲಿ?"

"ಕೈ ತೊಳಿಯೂ ನಳದ ಬಾಜೂಕ."

ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ಸ್ನಾಯು ಹೇಗೆ ಕುಗ್ಗುತ್ತದೆ, ಹೇಗೆ ಬೆಳೆಯುತ್ತದೆ ಎಂದು ಕಪ್ಪುಹಲಗೆಯ ಮೇಲೆ ಚಿತ್ರ ಬಿಡಿಸಿ ವಿವರಿಸಿದ್ದೇನೆ. ನನ್ನ ತೊಡೆಗಳು ಮಾತ್ರ ಆ ತರಗತಿಗಳಿಗೆ ಗೈರುಹಾಜರಾಗಿದ್ದವು.

೨. ಹಿಮ್ಮುಖ

ಹಾಗಾಗಿ ಆ ಬೆಳಿಗ್ಗೆ ಇಂಡಿಯ ಜಿಮ್ಮಿಗೆ ಹೋದೆ. ನಡೆಸುವವರು ಹಳೆಯ ಪೈಲ್ವಾನರು, ಊರಿಗೆಲ್ಲ ಉಸ್ತಾದರು.

"ಯಾರನ್ನ ಬಿಡಾಕ ಬಂದೀರಿ ಮೇಡಮ್ಮಾರ?"

"ನನ್ನನ್ನೇ."

ಶಾಲೆಯಲ್ಲಿ ಒಮ್ಮೆಯೂ ಹೊಡೆಯದ ಬಸ್ಕಿಯನ್ನು ಅಂದು ಹೊಡೆದೆ. ರೂಢಿಯಿಲ್ಲದ ಭಾರಕ್ಕೆ ಸ್ನಾಯುವಿನ ತಂತುಗಳು ಸೂಕ್ಷ್ಮವಾಗಿ ಘಾಸಿಗೊಳ್ಳುತ್ತವೆ. ನೋವು ಅಂದೇ ಬರುವುದಿಲ್ಲ, ಒಂದೆರಡು ದಿನ ತಡೆದು ಬರುತ್ತದೆ. ನನ್ನದು ಬಂದದ್ದು ಮುದ್ದೇಬಿಹಾಳದ ಬಸ್ ನಿಲ್ದಾಣದಲ್ಲಿ, ನೆಂಟರನ್ನು ಮದುವೆಗೆ ಕರೆಯಲು ಹೋದಾಗ. ಬಸ್ಸಿನ ಮೆಟ್ಟಿಲು ಇಳಿಯಲು ಮೊಣಕಾಲು ಒಪ್ಪಲಿಲ್ಲ. ತಿರುಗಿ ನಿಂತು, ಕಂಬಿ ಹಿಡಿದು, ಏಣಿ ಇಳಿದಂತೆ ಹಿಮ್ಮುಖವಾಗಿ ಇಳಿದೆ. ನೋಡಿದರೆ, ನನ್ನ ಹಿಂದಿದ್ದ ರುಮಾಲಿನ ಹಿರಿಯರೂ ಬೆನ್ನು ತೋರಿಸಿಯೇ ಇಳಿಯುತ್ತಿದ್ದರು.

"ಯಜ್ಜಾ, ನಿನಗೇನಾಗೇತಿ?" ಎಂದ ಕಂಡಕ್ಟರ್.

"ಆ ಚಷ್ಮಾದ ಅಕ್ಕಾರು ಹಂಗ ಇಳದ್ರಪಾ. ಓದಿದವ್ರು. ಏನರ ಇರಬೇಕು."

೩. ಮಲಗಿ ಬೆಳೆಸಿದ್ದು

"ಖಂಡ ಭಾರ ಎತ್ತೂವಾಗ ಬೆಳಿಯೂದಿಲ್ರಿ, ಮಲಗಿದಾಗ ಬೆಳೀತಾವು" ಎಂದರು ಉಸ್ತಾದರು. ಶಾಸ್ತ್ರದ ಮಾತೂ ಬಹುಮಟ್ಟಿಗೆ ಅದೇ. ಮೊದಲ ವಾರಗಳಲ್ಲಿ ಶಕ್ತಿ ಹೆಚ್ಚುವುದು, ಸುಮ್ಮನಿದ್ದ ತಂತುಗಳನ್ನು ಎಬ್ಬಿಸಲು ನರಗಳು ಕಲಿಯುವುದರಿಂದ. ತಂತುಗಳು ದಪ್ಪವಾಗುವುದು ಆಮೇಲೆ, ವಿಶ್ರಾಂತಿಯಲ್ಲಿ, ಕಾಳು-ಮೊಸರಿನ ಬಲದಿಂದ.

ಹೆಸರುಕಾಳಿನ ಉಸುಳಿ ತಿಂದು ಮಧ್ಯಾಹ್ನ ಒರಗುತ್ತಿದ್ದೆ. ಕಿಟಕಿಯಾಚೆ ದ್ರಾಕ್ಷಿ ತೋಟ. ಕತ್ತರಿ ಆಡಿದ ಬಳ್ಳಿಯಲ್ಲೇ ಚಿಗುರು. ಅರೆನಿದ್ರೆಯಲ್ಲಿ ಆ ಬಳ್ಳಿ ಕಿಟಕಿ ದಾಟಿ ಬಂದು ನನ್ನೊಳಗೆ ಹಬ್ಬುತ್ತಿತ್ತು. ಹಸಿರು ಬೆಳಕು, ಎಲೆಯ ನೆರಳು, ಗಣ್ಣುಗಣ್ಣಿನಲ್ಲೂ ಮೆಲ್ಲನೆ ಏನೋ ತುಂಬಿಕೊಳ್ಳುವ ಸದ್ದು. ಫೋನು ಮೊಳಗಿತು. ತಂಗಿ.

"ಏನ್ ಮಾಡಾಕತ್ತಿ ಅಕ್ಕಾ?"

"ಖಂಡ ಬೆಳಸಾಕತ್ತೇನಿ."

"ಧ್ವನಿ ನೋಡಿದ್ರ ಮಲಗೀದಿ."

"ಮಲಗಿದ್ರ ಬೆಳೀತಾವು."

"ಹಂಗಂದ್ರ ನಮ್ಮ ಮನಿಯವ್ರು ಇಷ್ಟೊತ್ತಿಗೆ ಕುಸ್ತ್ಯಾಗ ಹಿಂದ್ ಕೇಸರಿ ಆಗಬೇಕಿತ್ತು."

೪. ಪಂಕ್ತಿ

ಬಸವನ ಬಾಗೇವಾಡಿ, ಮದುವೆಯ ಊಟ. ನಳದ ಪಕ್ಕದ ಖುರ್ಚಿಗೆ ತಂಗಿ ಬಿಳಿಯ ಬಟ್ಟೆಯನ್ನೂ ಹೊದಿಸಿದ್ದಳು. ಅದನ್ನು ನೋಡಿದೆ, ದಾಟಿದೆ, ಮನೆತನದ ಹಿರಿಯಳಿಗೆ ಸಲ್ಲುವ ಮೊದಲ ಎಲೆಗೆ ಹೋಗಿ ಕುಳಿತೆ.

"ಹೆಂಗ ಏಳ್ತಿ?" ಎಂದಳು ತಂಗಿ, ತುಟಿ ಅಲುಗಿಸದೆ.

"ನೋಡ್ತಿರು."

ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಬಂದವು. ಹೋಳಿಗೆಯ ಬುಟ್ಟಿ ಇನ್ನೂ ಅಡುಗೆಯ ಮನೆಯಲ್ಲಿತ್ತು. ತುಪ್ಪದ ಪರಿಮಳ ಮುಂದಾಗಿ ಬಂದಿತ್ತು. ಆ ಪರಿಮಳಕ್ಕೆ ಮೈ ಹಗುರಾಯಿತು. ತೊಡೆಯೊಳಗೆ ಬಳ್ಳಿ ಮಿಸುಕಿ, ಈಗ, ಎಂದಿತು. ಎದ್ದೆ. ಕೈಯೂರದೆ, ಯಾರನ್ನೂ ಹಿಡಿಯದೆ, ಒಂದೇ ಉಸಿರಿನಲ್ಲಿ.

ಕಣ್ಣು ಮುಚ್ಚಿಕೊಂಡು ನಿಂತೆ. ತೆರೆದಾಗ ಪಂಕ್ತಿಗೆ ಪಂಕ್ತಿಯೇ ಎದ್ದು ನಿಂತಿತ್ತು. ಒಂದು ಕ್ಷಣ ಅದು ನನ್ನ ಗೌರವಾರ್ಥವೆಂದೇ ತಿಳಿದೆ.

ಆಮೇಲೆ ನೆನಪಾಯಿತು. ನಮ್ಮಲ್ಲಿ ಹಿರಿಯರು ಎದ್ದರೆ ಪಂಕ್ತಿ ಮುಗಿದಂತೆ. ಎದ್ದವರು ಮತ್ತೆ ಅದೇ ಎಲೆಗೆ ಕೂರುವಂತಿಲ್ಲ. ಹೋಳಿಗೆಯ ಬುಟ್ಟಿ ಹೊತ್ತವರು ಹೊಸ್ತಿಲಲ್ಲೇ ನಿಂತರು. ಬೀಗರ ಹಿರಿಯರು ಬುಟ್ಟಿಯನ್ನೂ ತಮ್ಮ ಎಲೆಯನ್ನೂ ನೋಡಿ, ಕೊನೆಗೆ ನನ್ನನ್ನು ನೋಡಿದರು.

"ಏನ್ರಿ ಅಕ್ಕಾರ, ಸಿಂದಗ್ಯಾಗ ನಿಮ್ಮನ್ನ ಎಬ್ಬಸಾಕ ಇಬ್ಬರು ಬೇಕಾದ್ರು. ಇಲ್ಲಿ ನೀವೊಬ್ರ ಇಷ್ಟು ಮಂದೀನ ಎಬ್ಬಸಿದ್ರಲ್ರಿ!"

ಜಿಮ್ಮು ಬಿಡಬಾರದು, ಹೋಳಿಗೆ ಬಡಿಸುವ ತನಕ ಏಳಬಾರದು ಎಂದು ನಿರ್ಧರಿಸಿದೆ.