ಹೆಲಿಕಾಪ್ಟರಿನ ಪಾತಾಳಗರಡಿ

ಸಮುದ್ರವೇ ಇಲ್ಲದ ಊರಿನಲ್ಲಿ ಕೂತು ಸಬ್‌ಮೆರಿನ್ ಹುಡುಕುವ ಯಂತ್ರ ಮಾಡುವವನಿಗೆ ಇಂಥವು ಆಗದೆ ಇನ್ನೇನು ಆದೀತು? ಎಂಬತ್ತರ ದಶಕದ ಮಾತು. ಮನೆ ಜಯನಗರದಲ್ಲಿ, ನನಗೆ ಮದುವೆಯ ವಯಸ್ಸು. ನನ್ನ ಕೆಲಸ ಏನೆಂದು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದ ಕೆಲಸದವನಿಗೆ ಯಾರು ಹೆಣ್ಣು ಕೊಡುತ್ತಾರೆ? ಆಗಲೇ ಎರಡು ಸಂಬಂಧ ತಪ್ಪಿಹೋಗಿದ್ದವು.

೧

“ಕೇಳಿದೋರಿಗೆ ಏನು ಹೇಳ್ಲೋ?” ಎಂದು ಅಮ್ಮ ಗಂಟುಬಿದ್ದರು.

“ಹೆಲಿಕಾಪ್ಟರ್ ಸಮುದ್ರದ ಮೇಲೆ ನಿಂತಲ್ಲೇ ನಿಲ್ಲುತ್ತಮ್ಮ. ಅದರಿಂದ ಕೇಬಲ್‌ನಲ್ಲಿ ನಮ್ಮ ಸೋನಾರ್ ಯಂತ್ರನ ನೀರೊಳಗೆ ಇಳಿಸ್ತಾರೆ. ಅದು ಸದ್ದು ಮಾಡುತ್ತೆ. ಆ ಸದ್ದು ಸಬ್‌ಮೆರಿನ್‌ಗೆ ತಾಗಿ ವಾಪಸ್ ಬಂದ್ರೆ, ಕಳ್ಳ ಸಿಕ್ಕಿದ ಅಂತ.”

“ಓಹೋ, ಪಾತಾಳಗರಡಿ!” ಎಂದರು ಅಮ್ಮ. ಬಾವಿಗೆ ಬಿದ್ದ ಪಾತ್ರೆ ಎತ್ತಲು ಹಗ್ಗ ಕಟ್ಟಿ ಇಳಿಸುವ ಕಬ್ಬಿಣದ ಕೊಕ್ಕೆಗಳ ಗೊಂಚಲು ಅದು. “ಅದಕ್ಕೆ ಇಂಜಿನಿಯರಿಂಗ್ ಯಾಕೆ ಓದ್ಬೇಕಿತ್ತೋ? ನಿಮ್ಮಜ್ಜಿ ಸ್ಕೂಲ್ ಮೆಟ್ಟಿಲೇ ಹತ್ತಿರ್ಲಿಲ್ಲ!”

೨

ಅಮ್ಮನ ಪ್ರಚಾರದ ಫಲವಾಗಿ ಎದುರುಮನೆ ಆಂಟಿ ಓಡಿಬಂದರು. “ನಮ್ಮ ಬಿಂದಿಗೆ ಬಾವಿಗೆ ಬಿದ್ದಿದೆಯಪ್ಪಾ. ಎತ್ಕೊಡು, ನಮ್ಮಣ್ಣನ ಮಗಳ ಜಾತಕ ತರಿಸ್ತೀನಿ.”

ಜಾತಕದ ಆಸೆಗೆ ಪಾತಾಳಗರಡಿ ಹಿಡಿದು ಬೆಳಗ್ಗೆಯೆಲ್ಲ ಅವರ ಬಾವಿಕಟ್ಟೆಗೆ ಜೋತುಬಿದ್ದೆ. ಬಿಂದಿಗೆ ಬಂತು. ಅದರ ಹಿಂದೆಯೇ ಹಿತ್ತಾಳೆಯ ಕೊಡಪಾನವೊಂದು ಬಂತು. ಕಂಠದ ಮೇಲೆ ಪಕ್ಕದ ಮನೆಯವರ ಹೆಸರು ಕೊರೆಸಿತ್ತು.

“ಆಂಟಿ, ಇದು ಪಕ್ಕದ ಮನೆಯವರದು!”

ಆಂಟಿ ಕಾಂಪೌಂಡಿನಾಚೆ ಇಣುಕಿ, “ಶ್! ಮೆಲ್ಲಗೆ ಮತ್ತೆ ಬಿಟ್ಬಿಡಪ್ಪಾ. ಹೋದ್ವರ್ಷನೇ ವಾಪಸ್ ಕೊಟ್ಟಾಯ್ತು ಅಂತ ದೇವರ ಮೇಲೆ ಆಣೆ ಇಟ್ಟಿದೀನಿ!” ಎಂದರು.

೩

ಆಂಟಿ ಮಾತಿಗೆ ತಪ್ಪಲಿಲ್ಲ. ಜಾತಕ ಬಂತು, ಕೂಡಿಯೂ ಬಂತು. ಅಮ್ಮನ ಜೊತೆ ಪದ್ಮನಾಭನಗರಕ್ಕೆ ಹೆಣ್ಣು ನೋಡಲು ಹೋದೆ. ಹುಡುಗಿ ಕಾಫಿ ತಂದುಕೊಟ್ಟಳು. ಈ ಸಂಬಂಧವೂ ತಪ್ಪಿದರೆ ನಾನು ಕೆಟ್ಟೆ ಅನ್ನಿಸಿಬಿಟ್ಟಿತು. ಅವಳ ತಂದೆ ವಿಚಾರಣೆ ಶುರುಮಾಡಿದರು.

“ಹೆಲಿಕಾಪ್ಟರ್‌ನಲ್ಲಿ ನೀವು ಹೋಗ್ತೀರಾ?”

“ಇಲ್ಲ ಸಾರ್, ನೌಕಾಪಡೆಯವರು ಹೋಗ್ತಾರೆ.”

“ಸಮುದ್ರಕ್ಕೆ?”

“ಇಲ್ಲ ಸಾರ್, ಟೆಸ್ಟ್ ಮಾಡೋಕೆ ಆಫೀಸಲ್ಲೇ ಸಿಮೆಂಟ್ ತೊಟ್ಟಿ ಇದೆ.”

“ಇಲ್ಲೀವರ್ಗೂ ಎಷ್ಟು ಸಬ್‌ಮೆರಿನ್ ಸಿಕ್ಕಿವೆ?”

“ಒಂದೂ ಇಲ್ಲ ಸಾರ್.”

ಅವರು ಕಾಫಿ ಲೋಟ ಕೆಳಗಿಟ್ಟರು. ಅಮ್ಮ ಸೆರಗು ಸರಿಮಾಡಿಕೊಂಡು ಏಳಲು ಸಿದ್ಧರಾದರು.

ಅಷ್ಟರಲ್ಲಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹುಡುಗಿ, “ಅಪ್ಪಾ, ಒಂದೂ ಸಿಕ್ಕಿಲ್ಲ ಅಂದ್ರೆ ರಿಟೈರಾಗೋವರ್ಗೂ ಹುಡುಕ್ತಾನೇ ಇರ್ಬೇಕಲ್ವಾ?” ಎಂದಳು.

ತಂದೆಯ ಮುಖ ಅರಳಿತು. ಹೆಂಡತಿಯತ್ತ ತಿರುಗಿ ಕೂಗಿದರು: “ಲೇ, ಕೇಸರಿಬಾತ್ ತಗೊಂಬಾರೇ! ಹುಡುಗ ಪರ್ಮನೆಂಟು!”